ಫ್ಯಾನ್ ಬಂದ್ ಮಾಡಿ ಕೂಡುವ ಕೆಲಸ

ಮೊನ್ನೆ ಬಿಜಾಪುರದ ಗಾಂಧಿ ಚೌಕಿನ ಸಂದಿಯೊಂದರಲ್ಲಿ ಬಣ್ಣದ ಅಂಗಡಿಯ ಮುಂದೆ ನಿಂತಿದ್ದೆ. ಮನೆಯ ಕಿಟಕಿಗಳಿಗೆ ಬಣ್ಣ ಬೇಕಾಗಿತ್ತು. ಅಂಗಡಿಯವನು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನನ್ನ ಬಾಯಿಂದ "ಕಾಕಾ ಬಂದ್ರು" ಎಂಬ ಮಾತು ತಾನಾಗಿಯೇ ಹೊರಬಿತ್ತು. ಅವನು ಗಾಬರಿಯಾಗಿ ನನ್ನ ಬೆನ್ನ ಹಿಂದೆ ಇಣುಕಿದ. ಅಲ್ಲಿ ಒಂದು ಆಟೋ ಬಿಟ್ಟರೆ ಯಾರೂ ಇರಲಿಲ್ಲ. "ಯಾರ್ರೀ ಅಕ್ಕಾರ?" ಎಂದ. "ಯಾರೂ ಇಲ್ಲಪ್ಪ, ನೀ ಡಬ್ಬಿ ಕಟ್ಟು" ಅಂದೆ.

ಥಿನ್ನರಿಗೂ ನಮ್ಮ ಲ್ಯಾಬಿನ ಝೈಲೀನ್ ಎಂಬ ದ್ರವಕ್ಕೂ ವಾಸನೆಯಲ್ಲಿ ಅಣ್ಣತಮ್ಮಂದಿರ ಹೋಲಿಕೆ. ಸರ್ಕಾರಿ ದವಾಖಾನೆಯ ಪೆಥಾಲಜಿ ವಿಭಾಗದಲ್ಲಿ ನಾನು ಅಸಿಸ್ಟೆಂಟ್. ದಿನವಿಡೀ ಅದೇ ವಾಸನೆ. ಅಲ್ಲಿ ಅದು ನನಗೆ ತಲೆನೋವು ಬಿಟ್ಟು ಬೇರೇನೂ ಕೊಡುವುದಿಲ್ಲ. ಆದರೆ ಪೇಟೆಯ ಗದ್ದಲದ ನಡುವೆ ಹಾಗೆ ಅಚಾನಕ್ ಮೂಗಿಗೆ ಬಡಿದಾಗ... ಇಬ್ರಾಹಿಂಪುರದ ಸಂಜೆ, ರೈಲು ಹಳಿಯ ಪಕ್ಕದ ಓಣಿ, ಸೈಕಲ್ಲಿನಿಂದ ಇಳಿಯುತ್ತಿದ್ದ ಕಾಕಾ, ಎಲ್ಲ ಒಟ್ಟಿಗೇ ಬಂದುಬಿಟ್ಟವು.

ನಮ್ಮೂರು ಕಳ್ಳಕವಟಗಿ. ಪಿಯುಸಿ ಓದಲೆಂದು ಸಿಟಿಗೆ ಬಂದು ಇಬ್ರಾಹಿಂಪುರದಲ್ಲಿ ಚಿಗವ್ವನ ಮನೆಯಲ್ಲಿದ್ದೆ. ಪಕ್ಕದ ಮನೆಯವರೇ ಕಾಕಾ. ರಕ್ತಸಂಬಂಧ ಏನೂ ಇಲ್ಲ, ಓಣಿಗೆಲ್ಲ ಕಾಕಾ. ಆಗ ಸರ್ಕಾರಿ ದವಾಖಾನೆಯ ಪೆಥಾಲಜಿ ಅಸಿಸ್ಟೆಂಟ್ ಅವರೇ. ಅವರು ಓಣಿಯ ತಿರುವಿಗೆ ಬಂದರೆಂದರೆ ಅವರ ಅಂಗಿಯ ವಾಸನೆ ಮೊದಲು ಮನೆ ಮುಟ್ಟುತ್ತಿತ್ತು. ಬೆರಳುಗಳಿಗೆ ಸದಾ ಗುಲಾಬಿ, ನೀಲಿ ಬಣ್ಣ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ಕಾಕಾ, ನಿಮ್ಮ ಓಕುಳಿ ಇನ್ನೂ ಮುಗಿದಿಲ್ಲೇನ್ರಿ?" ಎಂದು ಚಿಗವ್ವ ಕಾಡಿಸುತ್ತಿದ್ದಳು. "ರಿಟೈರ್ ಆಗೂ ಮಟಾ ಓಕುಳಿನ ಬೇ" ಎಂದು ಅವರು ಎರಡೂ ಕೈ ಎತ್ತಿ ತೋರಿಸಿ ನಗುತ್ತಿದ್ದರು.

ಆ ಕೈಗಳಿಗೇ ನಾನು ಮರುಳಾದದ್ದು. ಒಂದು ದಿನ ಅವರ ಮನೆಯ ಕಟ್ಟೆಯ ಮೇಲೆ ಕೂತು, ನಿಮ್ಮ ಹಾಗೆ ಆಗಬೇಕಾದರೆ ಏನು ಓದಬೇಕು ಎಂದು ಕೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಚಹಾ ಬಸಿ ಕೆಳಗಿಟ್ಟು ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಸೈನ್ಸ್ ಪಿಯುಸಿ ಮುಗಸಾಕತ್ತೀದಿ, ಅದೊಂದು ಆತು. ಇನ್ನ ಲ್ಯಾಬ್ ಡಿಪ್ಲೊಮಾ ಮಾಡಬೇಕು. ಪ್ಯಾರಾಮೆಡಿಕಲ್ ಬೋರ್ಡಿನ್ಯಾಗ ಹೆಸರು ನೋಂದಣಿ ಮಾಡಿಸಬೇಕು. ಆಮ್ಯಾಲೆ ಸರ್ಕಾರದವರು ಯಾವಾಗ ಕರೀತಾರ ಆವಾಗ ಅರ್ಜಿ. ಇಷ್ಟು ಕಾಗದದ್ದು."

"ಮತ್ತೇನೈತ್ರಿ?"

"ಮತ್ತ ಕೈಯಿಂದು. ನಮ್ಮ ಕಾಲಕ್ಕ ಬರೇ ಕೈ ನೋಡಿ ತಗೋತಿದ್ರು. ನಾ ಹತ್ತನೇತ್ತಾ ಪಾಸಾಗಿ, ಬಾಟಲಿ ತೊಳಿಯಾಕ ಬಂದವ. ಈಗ ಬರೇ ಕಾಗದ ನೋಡ್ತಾರ. ನೀ ಎರಡೂ ಇಟ್ಟುಕೋ."

ಕೈಯ ಅರ್ಹತೆಯ ಪಾಠ ಮರುದಿನದಿಂದಲೇ ಶುರು. ಕಾಕಾರ ಕೆಲಸವೆಂದರೆ, ರೋಗಿಯ ಮೈಯಿಂದ ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಕೂರಿಸಿ, ಉಳ್ಳಾಗಡ್ಡಿಯ ಪೊರೆಗಿಂತ ತೆಳ್ಳಗೆ ಮೆಷೀನಿನಲ್ಲಿ ಕೊಯ್ಯುವುದು. ಆ ತೆಳುವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕಾಗದಂತೆ ಗಾಜಿನ ಸ್ಲೈಡಿನಿಂದ ಎತ್ತಿ, ಬಣ್ಣ ಹಾಕಿ ಡಾಕ್ಟರ ಮೈಕ್ರೋಸ್ಕೋಪಿಗೆ ಕೊಡುವುದು. ಇದನ್ನು ಮನೆಯಲ್ಲಿ ಕಲಿಸುವುದು ಹೇಗೆ? ಚಿಗವ್ವನ ಹಾಲಿನಿಂದ! ತಾಟಿನಲ್ಲಿ ಕಾಸಿದ ಹಾಲು ಹಾಕಿ ಆರಲು ಇಡಬೇಕು, ಮೇಲೆ ಕಟ್ಟಿದ ತೆಳು ಕೆನೆಯನ್ನು ಗಾಜಿನ ಚೂರಿನಿಂದ ಹರಿಯದಂತೆ ಎತ್ತಬೇಕು. ಅದೂ ಫ್ಯಾನ್ ಬಂದ್ ಮಾಡಿ. ಯಾಕೆಂದರೆ ಲ್ಯಾಬಿನಲ್ಲಿ ಕೊಯ್ಯುವಾಗ ಫ್ಯಾನ್ ಹಾಕಿದರೆ ಕೊಯ್ದದ್ದೆಲ್ಲ ಗಾಳಿಗೆ ಹಾರಿಹೋಗುತ್ತದೆ. ನಮ್ಮ ಬಿಜಾಪುರದ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂಡುವುದೆಂದರೆ ತಮಾಷೆಯೇ! "ಇದ ಮೊದಲನೇ ಕ್ವಾಲಿಫಿಕೇಶನ್ನು" ಎನ್ನುತ್ತಿದ್ದರು ಕಾಕಾ, ತಾವು ಮಾತ್ರ ಹೊರಗೆ ಬೇವಿನ ನೆರಳಲ್ಲಿ ಕೂತು. ಇನ್ನೇನು ಕೆನೆ ಗಾಜಿನ ಮೇಲೆ ಬಂತು ಅನ್ನುವಾಗ ಗೂಡ್ಸ್ ಗಾಡಿ ಬರುತ್ತಿತ್ತು, ತಾಟು ಗಡಗಡ ನಡುಗುತ್ತಿತ್ತು, ಕೆನೆ ಮುದ್ದೆಯಾಗುತ್ತಿತ್ತು. ಆ ಡ್ರೈವರನಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ.

ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಕೆನೆ ಸಿಗಲಿಲ್ಲ. "ನಿನ್ನ ನೌಕರಿ ಬರೂದರಾಗ ನನ್ನ ತುಪ್ಪದ ಡಬ್ಬಿ ಬರಿದಾಗತೈತಿ" ಎಂದು ಚಿಗವ್ವ ಗೊಣಗಿದಳು. ಕೊನೆಗೆ ಒಂದು ಮಧ್ಯಾಹ್ನ ಒಂದು ಸುಕ್ಕೂ ಇಲ್ಲದ ಕೆನೆ ಗಾಜಿನ ಮೇಲೆ ಬಂದು ಕೂತಿತು. ಗಾಜು ಹಿಡಿದುಕೊಂಡು ಬರಿಗಾಲಿನಲ್ಲಿ ಓಡಿದೆ. ಕಾಕಾ ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ಆ ಮೇಲೆ ನಾಲಗೆಯಿಂದ ನೆಕ್ಕಿ, "ಸಕ್ಕರಿ ಕಡಿಮಿ ಆತು" ಎಂದರು.

ಕೈಯೇನೋ ತಯಾರಾಯಿತು. ಕಾಗದದ ಕಡೆಯೇ ಗಂಟು ಬಿತ್ತು. ಡಿಪ್ಲೊಮಾ ಅರ್ಜಿಗೆ ಪಾಲಕರ ಸಹಿ ಬೇಕಿತ್ತು. ಅಪ್ಪ ಸುತಾರಾಂ ಒಪ್ಪಲಿಲ್ಲ. ಪೆಥಾಲಜಿ ಎಂದರೆ ಹೆಣ ಕೊಯ್ಯುವ ಕೆಲಸ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. "ಬಿಎ ಮಾಡ್ತಿದ್ರ ಮಾಡು, ಇಲ್ಲಂದ್ರ ಊರಿಗೆ ಬಾ. ಹೆಣದ ಕೆಲಸ ನಮ್ಮ ಮನಿತನಕ್ಕ ಬ್ಯಾಡ" ಎಂದು ಫೋನು ಇಟ್ಟ. ಎರಡು ದಿನ ಊಟ ಬಿಟ್ಟೆ. ಏನೂ ಆಗಲಿಲ್ಲ, ಹೊಟ್ಟೆ ಹಸಿಯಿತು ಅಷ್ಟೆ. ಅರ್ಜಿಯ ಕೊನೆಯ ದಿನಕ್ಕೆ ಇನ್ನೊಂದು ವಾರ ಉಳಿದಿತ್ತು.

ಅಷ್ಟರಲ್ಲಿ ಊರಲ್ಲಿ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಬೆನ್ನ ಮೇಲಿದ್ದ ಗಂಟನ್ನು ಪಕ್ಕದ ತಿಕೋಟಾದ ಡಾಕ್ಟರೊಬ್ಬರು ತೆಗೆದರು. ಅದನ್ನು ಒಂದು ಬಾಟಲಿಯಲ್ಲಿ ಔಷಧಿಯ ನೀರಿನೊಳಗೆ ಹಾಕಿ, ಇದನ್ನು ಇವತ್ತೇ ಸಿಟಿಯ ಸರ್ಕಾರಿ ದವಾಖಾನೆಗೆ ಮುಟ್ಟಿಸಿ, ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುತ್ತದೆ ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಆಯಿಯನ್ನು ಮನೆಗೆ ಬಿಟ್ಟು ಬಸ್ಸು ಹತ್ತಿ ಬಂದ. ಬಸ್ ಸ್ಟ್ಯಾಂಡಿನಿಂದ ನಾನೇ ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಅಪ್ಪ ಬಾಗಿಲಲ್ಲೇ ನಿಂತ. ಒಳಗೆ ಹೆಣ ಇದ್ದೀತೆಂಬ ಭಯ!

ಕಾಕಾ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಹುಬ್ಬುಗಳು ಮೇಲೇರಿದವು. ಮತ್ತೊಮ್ಮೆ ಮೂಸಿದರು.

"ಇದ್ರಾಗಿನ ನೀರು ಎಲ್ಲಿ ಹೋತ್ರಿ ಗೌಡ್ರ?"

"ಅದು ಕೆಟ್ಟ ಹೋಗಿತ್ರಿ ಸಾಹೇಬ್ರ, ಘಾಟು ಹೊಡೀತಿತ್ತು, ಕಣ್ಣಾಗ ನೀರು ಬಂದ್ವು" ಎಂದ ಅಪ್ಪ, ದೊಡ್ಡ ಉಪಕಾರ ಮಾಡಿದವನ ಧಾಟಿಯಲ್ಲಿ. "ಅದನ್ನ ಚೆಲ್ಲಿ ನಮ್ಮ ಶೆಡ್ಡಿನ ನೀರು ಹಾಕೇನಿ. ದ್ರಾಕ್ಷಿ ಒಣಗಿಸೂಮುಂದ ಅದ್ರಾಗ ಅದ್ದತೇವಲ್ರಿ, ಅದು. ಅದಕ್ಕ ಅದ್ದಿದ್ರ ವರ್ಷಗಟ್ಟಲೆ ಕೆಡಂಗಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಬೈಯಲಿಲ್ಲ. ಮಾತನಾಡುವ ಮೊದಲು ಕೈ ಕೆಲಸ ಮಾಡಿತು. ಗಂಟನ್ನು ಹೊರತೆಗೆದು, ಅಡ್ಡಲಾಗಿ ಸೀಳಿ, ಫಾರ್ಮಾಲಿನ್ ಎಂಬ ಆ ಘಾಟಿನ ನೀರನ್ನೇ ಹೊಸದಾಗಿ ಸುರಿದು ಅದರಲ್ಲಿ ಹಾಕಿದರು. "ಮ್ಯಾಗಿಂದು ಹಾಳಾಗೈತಿ. ಒಳಗ ಇನ್ನೂ ಚಲೋ ಐತಿ, ಉಳಕೊಂತು" ಎಂದು ಉಸಿರು ಬಿಟ್ಟರು. ಆಮೇಲೆ ಅಪ್ಪನ ಮುಖ ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಯಪ್ಪಾ, ಹಡದವ್ವನ್ನ ಒಣದ್ರಾಕ್ಷಿ ಮಾಡಾಕ ಹೊಂಟಿದ್ದಿ ಏನೋ!"

ಮೊದಲು ನಕ್ಕವರು ಒಳಗಿದ್ದ ಡಾಕ್ಟರ್ ಮೇಡಂ. ಆಮೇಲೆ ನಾನು. ಕೊನೆಗೆ ಅಪ್ಪನೂ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ನಕ್ಕ.

ನಾಲ್ಕು ದಿನ ಬಿಟ್ಟು ರಿಪೋರ್ಟಿಗೆಂದು ಅಪ್ಪ ಮತ್ತೆ ಬಂದ. ಅರ್ಜಿಯ ಕಾಗದ ನನ್ನ ಬ್ಯಾಗಿನಲ್ಲಿತ್ತು. ಈ ಸಲ ಕಾಕಾ ಅವನನ್ನು ಕೈಹಿಡಿದು ಒಳಗೆ ಕರೆದು, ಮೇಡಂ ಅವರನ್ನು ಕೇಳಿ, ವಿದ್ಯಾರ್ಥಿಗಳಿಗೆ ತೋರಿಸುವ ಹಳೆಯ ಸ್ಲೈಡೊಂದನ್ನು ಮೈಕ್ರೋಸ್ಕೋಪಿಗೆ ಇಟ್ಟರು. ಅಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. ಬಹಳ ಹೊತ್ತು ಏಳಲೇ ಇಲ್ಲ.

"ಇಳಕಲ್ ಸೀರಿ ಸೆರಗು ಕಂಡಂಗ ಕಾಣ್ತೈತಲ್ರೀ!"

"ಹೂಂ ಮತ್ತ. ಈ ಸೆರಗು ನೇಯೋರು ನಾವು. ಇಲ್ಲಿ ಹೆಣ ಎಲ್ಲೈತಿ, ಹುಡುಕ್ರಿ ನೋಡೋಣು" ಎಂದರು ಕಾಕಾ.

ಅಪ್ಪ ಮೆಲ್ಲಗೆ ಕೇಳಿದ, "ನಮ್ಮವ್ವಂದು ಏನಾಗೈತ್ರಿ?"

ಕಾಕಾರ ಮುಖ ಆ ಕ್ಷಣ ಗೋಡೆಯಾಯಿತು. "ಅದನ್ನ ನಾ ಹೇಳಂಗಿಲ್ರಿ. ಡಾಕ್ಟರ್ ಹೇಳ್ತಾರ."

"ನಿಮಗ ಗೊತ್ತಿರತೈತಲ್ರಿ."

"ಗೊತ್ತಿದ್ರೂ ಹೇಳಂಗಿಲ್ರಿ. ಅವರಿಗೆ ಚಂದಂಗ ಕಾಣೂ ಹಂಗ ಮಾಡಿಕೊಡೂದಷ್ಟ ನಮ್ಮ ಕೆಲಸ."

ನನಗೆ ಸಿಟ್ಟೇ ಬಂತು. ಇಷ್ಟು ಬೇಕಾದವರು, ಒಂದು ಮಾತು ಹೇಳಿದರೆ ಗಂಟೇನು ಹೋಗುತ್ತದೆ? ಹತ್ತು ನಿಮಿಷ ನಾವಿಬ್ಬರೂ ಬೆಂಚಿನ ಮೇಲೆ ಬೆವೆತೆವು. ಮೇಡಂ ಕರೆದು, "ಬರೀ ಕೊಬ್ಬಿನ ಗಂಟು, ಏನೂ ಹೆದರಬೇಡಿ" ಎಂದಾಗ ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಎದ್ದವನು ನನ್ನ ಕಡೆ ಕೈ ಚಾಚಿದ. "ಎಲ್ಲೈತಿ ಬೇ ನಿನ್ನ ಕಾಗದ?" ಕಾಕಾರ ಜೇಬಿನ ಪೆನ್ನಿನಿಂದಲೇ ಸಹಿ ಮಾಡಿದ. ಪೆನ್ನಿಗೆ ಹತ್ತಿದ್ದ ಓಕುಳಿಯಿಂದ ಅಕ್ಷರದ ಪಕ್ಕ ಗುಲಾಬಿ ಬಣ್ಣದ ಹೆಬ್ಬೆರಳ ಗುರುತೂ ಬಿತ್ತು. ಆ ಸಂಜೆ ನಮ್ಮ ಓಣಿಯಲ್ಲಿ ನನ್ನಷ್ಟು ಸುಖಿ ಇನ್ನೊಬ್ಬರಿರಲಿಲ್ಲ.

ಡಿಪ್ಲೊಮಾ ಆಯಿತು, ನೋಂದಣಿ ಆಯಿತು, ನೌಕರಿಯೂ ಬಂತು. ಮೊದಲ ಪೋಸ್ಟಿಂಗ್ ಬಬಲೇಶ್ವರ, ಕಾಕಾರ ಸ್ವಂತ ಊರು. ಅಲ್ಲಿ ರಕ್ತ, ಮೂತ್ರದ ಪರೀಕ್ಷೆ ಮಾತ್ರ. "ನಮ್ಮೂರಾಗ ಯಾರಿಗೆ ಸಕ್ಕರಿ, ಯಾರಿಗೆ ಉಪ್ಪು, ಎಲ್ಲಾ ನಿನಗ ಗೊತ್ತು. ನನಗೊಬ್ಬವಗರ ಹೇಳ ಬೇ" ಎಂದು ನಾನು ರವಿವಾರ ಇಬ್ರಾಹಿಂಪುರಕ್ಕೆ ಬಂದಾಗಲೆಲ್ಲ ಕಾಕಾ ಕೆಣಕುತ್ತಿದ್ದರು. ನಾನು ಮಾತು ಹಾರಿಸುತ್ತಿದ್ದೆ, ಒಮ್ಮೊಮ್ಮೆ ಅರ್ಧ ಹೇಳಿಯೂ ಬಿಡುತ್ತಿದ್ದೆ. ಆಗ ಅವರು ನಗುವುದನ್ನು ನಿಲ್ಲಿಸಿ, "ಇನ್ನೂ ಪಾಸಾಗಿಲ್ಲ ನೀ" ಎನ್ನುತ್ತಿದ್ದರು. ನನಗೆ ಕೆಟ್ಟದೆನಿಸುತ್ತಿತ್ತು. ಸರ್ಕಾರವೇ ಪಾಸು ಮಾಡಿದ ಮೇಲೆ ಇವರದೇನು ಹೊಸ ಪರೀಕ್ಷೆ!

ಅವರು ರಿಟೈರ್ ಆದ ಮೇಲೆ ನಾನು ಸಿಟಿಯ ಲ್ಯಾಬಿಗೆ, ಅವರದೇ ಮೆಷೀನಿಗೆ ವರ್ಗವಾಗಿ ಬಂದೆ. ಮೂರನೇ ವರ್ಷವೋ ನಾಲ್ಕನೆಯದೋ... ಕಾಕಾರ ಕುತ್ತಿಗೆಯ ಪಕ್ಕದಲ್ಲಿ ಒಂದು ಗಂಟು ಎದ್ದಿತು. ಡಾಕ್ಟರು ಅದರ ಚೂರು ತೆಗೆದ ದಿನ ಕಾಕಾ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ಲ್ಯಾಬಿನ ಬಾಗಿಲಿಗೆ ಬಂದರು. "ನಂದು ನೀನ ಕೊಯ್ಯಬೇಕು. ಬ್ಯಾರೆಯವರ ಕೈಯಾಗ ಕೊಡಬ್ಯಾಡ" ಎಂದು ಹೇಳಿ, ಚಹಾ ಸಹ ಕುಡಿಯದೆ ಹೋದರು.

ನಾನೇ ಕೊಯ್ದೆ. ಒಂದು ಸುಕ್ಕೂ ಬೀಳಲಿಲ್ಲ. ಸ್ಲೈಡನ್ನು ಮೇಡಂ ಬಹಳ ಹೊತ್ತು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ನನ್ನನ್ನು ನೋಡಲಿಲ್ಲ. ಇಷ್ಟು ವರ್ಷದ ಮೇಲೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವತ್ತು ಸಂಜೆ ಇಬ್ರಾಹಿಂಪುರದಲ್ಲಿ ಅವರ ಕಟ್ಟೆ ದಾಟದೆ ಚಿಗವ್ವನ ಮನೆಗೆ ಹೋಗುವಂತಿರಲಿಲ್ಲ. ಕಾಕಾ ಕಾಯುತ್ತಲೇ ಕೂತಿದ್ದರು.

"ಏನಾತ ಯವ್ವಾ?"

ನಾನು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಅವರ ಪಕ್ಕ ಕೂತೆ.

"ಅಲ್ಲಾ, ನಿನಗ ಕಲಿಸಿದವ ನಾನು. ನನಗ ಹೇಳಾಕೇನು? ಒಂದ ಮಾತು."

"ರಿಪೋರ್ಟ್ ಡಾಕ್ಟರ್ ಕೊಡ್ತಾರ್ರೀ ಕಾಕಾ" ಎಂದೆ.

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ತೊಡೆ ತಟ್ಟಿಕೊಂಡು, ಓಣಿಗೆಲ್ಲ ಕೇಳುವಂತೆ ನಕ್ಕರು. "ಶಾಬಾಸ್! ಇವತ್ತ ಪಾಸಾದಿ ನೋಡ. ಇವತ್ತ ಅಸಿಸ್ಟೆಂಟ್ ಆದಿ ನೀ!" ಒಳಗೆ ಕೂಗಿ ಎರಡು ಚಹಾ ತರಿಸಿದರು. ನಾನು ಅಳುತ್ತ ಕುಡಿದೆ, ಅವರು ನಗುತ್ತ ಕುಡಿದರು.

ಮುಂದೆ ಎಂಟು ತಿಂಗಳು ಇದ್ದರು. ನೋವಿನಲ್ಲೂ ಓಣಿಯನ್ನು ನಗಿಸುವುದನ್ನು ಬಿಡಲಿಲ್ಲ. ಊರಿಂದ ನೋಡಲು ಬಂದ ಅಪ್ಪನಿಗೆ, "ಗೌಡ್ರ, ನಿಮ್ಮ ಶೆಡ್ಡಿನ ನೀರು ಒಂದ ಬಾಟಲಿ ತರಬೇಕಿತ್ತಲ್ರಿ" ಎಂದಿದ್ದರು...

ಪರೀಕ್ಷೆ ಮುಗಿದ ಮೇಲೂ ಗಂಟಿನ ಚೂರು ಕೂತ ಮೇಣದ ತುಂಡುಗಳನ್ನು ನಾವು ಎಸೆಯುವುದಿಲ್ಲ. ನಂಬರಿನ ಪ್ರಕಾರ ಕಪಾಟಿನಲ್ಲಿ ವರ್ಷಗಟ್ಟಲೆ ಇಡುತ್ತೇವೆ. ಕಾಕಾರದೂ ಅಲ್ಲೇ ಇದೆ. ಅವರ ಮನೆ ಈಗ ಬೇರೆಯವರದಾಗಿದೆ, ಕಟ್ಟೆ ಒಡೆದು ಗೇಟು ಹಾಕಿಸಿದ್ದಾರೆ, ಸೈಕಲ್ಲು ಯಾರ ಪಾಲಾಯಿತೋ ತಿಳಿಯದು. ಉಳಿದದ್ದು ಈ ಬೆರಳ ತುದಿಯಷ್ಟು ಮೇಣ. ಗಾಂಧಿ ಚೌಕಿಗೆ ಹೋಗಿಬಂದ ಮರುದಿನ ಕಪಾಟು ತೆಗೆದು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತೆ. ಬಹಳ ನೆನಪಾದರು. ಅವರಿಲ್ಲದ್ದು ಇಷ್ಟು ವರ್ಷದ ಮೇಲೂ ಹೊಸದೇ ಅನ್ನಿಸಿತು. ಅಷ್ಟರಲ್ಲಿ ಹೊರಗಿನ ಕಿಟಕಿಯಲ್ಲಿ ತಿಕೋಟಾದ ಒಬ್ಬ ಹೆಣ್ಣುಮಗಳು, "ಅಕ್ಕಾರ, ನಮ್ಮವ್ವಂದು ಏನ ಬಂದೈತ್ರಿ? ನಿಮಗ ಗೊತ್ತಿರಬೇಕಲ್ರಿ" ಎಂದು ಕೇಳಿದಳು. ತುಂಡನ್ನು ಅದರ ಜಾಗದಲ್ಲಿಟ್ಟು, ಅವಳಿಗೆ ಕೂಡಲು ಕುರ್ಚಿ ಕೊಟ್ಟು, ಡಾಕ್ಟರನ್ನು ಕರೆಯಲು ಹೋದೆ.