ಮೇಘಾ ಮಾಡಿಸಿದ ಪಾರಣೆ

ಶೇಡಬಾಳದ ಮೇಘಾ ಯಾರಿಗೂ ಹೆದರುವವಳಲ್ಲ ಎಂದು ಇವತ್ತು ಊರೆಲ್ಲ ಹೇಳುತ್ತದೆ. ಅದು ಅರ್ಧ ಸುಳ್ಳು. ಇಪ್ಪತ್ತೆರಡು ವರ್ಷ ಅವಳು ಒಬ್ಬರಿಗೆ ಹೆದರಿಕೊಂಡೇ ಬಾಳಿದ್ದಾಳೆ. ಅವರು ಅವಳ ಅತ್ತೆ ಚಂದ್ರಮತಿ. ಬೇಡಕಿಹಾಳದಿಂದ ಮದುವೆಯಾಗಿ ಬಂದ ಮರುದಿನವೇ ಅತ್ತೆ ಅವಳ ಕೈಗೆ ಬಿಳಿ ಅರಿವೆ ಕೊಟ್ಟು, ಈ ಮನೆಯಲ್ಲಿ ನೀರು ಹೇಗೆ ಸೋಸಬೇಕು ಎಂದು ತೋರಿಸಿದ್ದರು. ಹೊತ್ತು ಮುಳುಗುವ ಮುಂಚೆ ಎಲ್ಲರ ಊಟ ಮುಗಿದು ಪಾತ್ರೆ ಬೆಳಗಿ ಬೋರಲು ಹಾಕಿರಬೇಕು. ಆಮೇಲೆ ಗುಟುಕು ನೀರೂ ಇಲ್ಲ. ಹೊಸ ಸೊಸೆ ಒಂದು ಸಲ ಸಂಜೆಗತ್ತಲಲ್ಲಿ ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಳು ಅಂತ ಅತ್ತೆ ಮೂರು ದಿನ ಮಾತು ಬಿಟ್ಟಿದ್ದರು. ಚೂರು ಬೆಲ್ಲಕ್ಕೆ ಮೂರು ದಿನ! ಅಂಥ ಹೆಂಗಸು.

ಆದರೆ ಅದೇ ಹೆಂಗಸು ಪಾರಣೆಯ ದಿನ ಬೇರೆಯೇ ಆಗಿಬಿಡುತ್ತಿದ್ದರು. ಅಷ್ಟಮಿ, ಚತುರ್ದಶಿಗೆ ಕಟ್ಟುನಿಟ್ಟಿನ ಉಪವಾಸ. ಮರುದಿನ ಬೆಳಗಿನ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಉಪವಾಸ ಬಿಡುವುದೇ ಪಾರಣೆ. ಹಿತ್ತಾಳೆ ಬಟ್ಟಲಿನಲ್ಲಿ ತೆಳ್ಳಗಿನ ಹೆಸರುಬೇಳೆ ಗಂಜಿ, ಮೇಲೆ ಧಾರಾಳ ತುಪ್ಪ. ಚಂದ್ರಮತಿ ಕೈಮುಗಿದು ಜೈನರ ಣಮೋಕಾರ ಮಂತ್ರ ಹೇಳಿ, ಕಣ್ಣು ಮುಚ್ಚಿ ಮೊದಲ ಗುಟುಕು ಕುಡಿದು, ಸೊಸೆಯ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದರು: “ಉಪವಾಸದ ಖರೇ ಮಜಾ ಇರೋದು ಈ ಗಂಜ್ಯಾಗ ಬೇ. ಯಾರ ಮುಂದೂ ಹೇಳಬ್ಯಾಡ ಮತ್ತ.”

ಮೂರು ವರ್ಷದ ಹಿಂದೆ ಅವರ ನೆನಪು ಸವೆಯತೊಡಗಿತು. ಮೊದಲು ಸೋಸಿದ ನೀರನ್ನೇ ಮತ್ತೆ ಮತ್ತೆ ಸೋಸಿದರು. ಆಮೇಲೆ ಬಸದಿಗೆ ಹೋದವರಿಗೆ ಮನೆಯ ದಾರಿ ಸಿಗದಾಯಿತು. ಮೇಘಾ ಎಂಬ ಹೆಸರೇ ಹೋಗಿ, ಸೊಸೆಯನ್ನು ಒಮ್ಮೆ ತಂಗಿ ಎಂದರು, ಒಮ್ಮೆ ಪಾತ್ರೆ ತಿಕ್ಕುವವಳು ಎಂದರು. ಮೀರಜದ ಡಾಕ್ಟರಬಾಯಿ ಡಿಮೆನ್ಶಿಯಾ ಅಂದರು. ಗುಣವಾಗುವುದಿಲ್ಲ ಅಂತಲೂ ಹೇಳಿ, ಮೇಘಾಳ ಮುಖ ನೋಡಿ ಇನ್ನೊಂದು ಮಾತು ಸೇರಿಸಿದರು: “ವಾದಾ ಮಾಡಬ್ಯಾಡ್ರಿ. ಅವರು ಯಾವ ದಿನದಾಗ ಅದಾರೋ ಆ ದಿನಕ್ಕ ನೀವ ಹೋಗ್ರಿ. ನಿಮ್ಮ ದಿನಕ್ಕ ಅವರನ್ನ ಎಳೀಬ್ಯಾಡ್ರಿ.” ಕೇಳಲಿಕ್ಕೆ ಚೆನ್ನಾಗಿತ್ತು. ಆದರೆ ದಿನಕ್ಕೆ ಐದು ಸಲ ಅತ್ತೆಯ ಒದ್ದೆ ಸೀರೆ ಬದಲಿಸುವವಳಿಗೆ, ಮೂರು ವರ್ಷದಿಂದ ತವರಿನ ಮುಖ ನೋಡದವಳಿಗೆ, ಚೆನ್ನಾಗಿರುವ ಮಾತಿನಿಂದ ಏನಾಗಬೇಕು? ಗಂಡ ಸಮ್ಮೇದ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕೈಲಾದಷ್ಟು ನೋಡುತ್ತಿದ್ದ. ಮಿಕ್ಕವರೆಲ್ಲ ಬಾಗಿಲಲ್ಲೇ ನಿಂತು “ಅಯ್ಯೋ ಪಾಪ” ಅಂದು ಹೋಗುವ ಪೈಕಿ.

ಈ ಸಲದ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಮನೆತುಂಬ ಉಪವಾಸದ ಮಾತು. ಪರ್ವ ಮುಗಿಯಿತು. ಚಂದ್ರಮತಿಗೆ ಮಾತ್ರ ಮುಗಿಯಲಿಲ್ಲ. ತಾಟು ಮುಂದಿಟ್ಟರೆ ಅದರ ಮೇಲೆ ಅಂಗೈ ಮುಚ್ಚಿ, “ಇವತ್ತ ನನಗ ಉಪವಾಸ” ಅಂದರು.

ಮೇಘಾ ಏನು ಮಾಡಿದಳು? ಕೈಮುಗಿದು ತಾಟು ಎತ್ತಿದಳು! ಉಪವಾಸ ಅಂದವರಿಗೆ “ಉಣ್ಣಿ” ಅಂತ ಒತ್ತಾಯ ಮಾಡಿದರೆ ಪಾಪ ಎಂದು ಅವರ ಓಣಿಯ ಕೂಸಿಗೂ ಗೊತ್ತು. ಎರಡನೆಯ ದಿನವೂ ಅದೇ ಮಾತು, ಅದೇ ಕೈಮುಗಿತ. ಕಾಯಿಸಿ ಆರಿಸಿದ ನೀರು ಬಿಟ್ಟರೆ ಹೊಟ್ಟೆಗೆ ಏನೂ ಹೋಗಲಿಲ್ಲ. ಮೂರನೆಯ ದಿನ ಅತ್ತೆಯನ್ನು ಎಬ್ಬಿಸಿ ಕೂರಿಸುವಾಗ ಬೆನ್ನೆಲುಬು ಅಂಗೈಗೆ ತಾಗಿತು. ಆಗ ಮೇಘಾಳಿಗೆ ಹೊಳೆಯಿತು. ಇದು ವ್ರತವಲ್ಲ. ಅತ್ತೆಗೆ ನಿನ್ನೆಯ ಉಪವಾಸ ನೆನಪಿಲ್ಲ, ಅಷ್ಟೇ. ಹೀಗೇ ಬಿಟ್ಟರೆ ದಿನಕ್ಕೊಂದು ಹೊಸ ಉಪವಾಸ ಮಾಡಿ ಮಾಡಿಯೇ ಸತ್ತುಹೋಗುತ್ತಾರೆ.

ಅಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಚಂದ್ರಮತಿ ಅನ್ನ ಬಿಟ್ಟಿದ್ದಾರಂತೆ, ಉಪವಾಸವಿದ್ದೇ ದೇಹ ಬಿಡುವ ಸಲ್ಲೇಖನ ವ್ರತಕ್ಕೆ ನಿಂತಿದ್ದಾರಂತೆ! ಮೂರು ವರ್ಷ ಹೊಸ್ತಿಲು ದಾಟದವರೆಲ್ಲ ಈಗ ತೆಂಗಿನಕಾಯಿ ಹಿಡಿದು ಒಳಗೆ ಬಂದರು. ಸಾಂಗಲಿಯಲ್ಲಿ ಅರಿಶಿನದ ವ್ಯಾಪಾರ ಮಾಡುವ ಹಿರಿಯ ಮಗ ಧನಪಾಲ ಮಧ್ಯಾಹ್ನಕ್ಕೇ ಕಾರಿನಲ್ಲಿ ಬಂದಿಳಿದ. ತಾಯಿಯ ಕಾಲಿಗೆ ಹಣೆ ಹಚ್ಚಿ, ಕಣ್ಣೊರೆಸಿಕೊಂಡು, ತಮ್ಮನಿಗೆ ಮೊಬೈಲ್ ತೋರಿಸಿದ. ಅದರಲ್ಲಿ ಸಲ್ಲೇಖನ ಸಾರುವ ಫ್ಲೆಕ್ಸಿನ ನಮೂನೆ. ಚಂದ್ರಮತಿಯ ದೊಡ್ಡ ಫೋಟೋ, ಅದರ ಕೆಳಗೆ ಧನಪಾಲನದು, ಅದರ ಕೆಳಗೆ ಚಿಕ್ಕದಾಗಿ ಸಮ್ಮೇದನದು.

ಮೇಘಾ ಅದನ್ನು ನೋಡಿದಳು. ಮೈಯೆಲ್ಲ ಉರಿದುಹೋಯಿತು.

“ಭಾವಾರ, ಅತ್ಯಾರಿಗೆ ಕೇಳ್ರಿ, ಇವತ್ತ ಯಾವ ವಾರ ಅಂತ.”

“ಧರ್ಮದ ಕೆಲಸದಾಗ ಅಡ್ಡ ಬರಬ್ಯಾಡ ಮೇಘಾ. ಪುಣ್ಯ ಇದ್ದೋರಿಗೆ ಅಷ್ಟ ಸಿಗತೈತಿ ಇದು.”

“ಧರ್ಮ ನನಗೂ ಗೊತ್ತೈತ್ರಿ. ವ್ರತಾ ತಗೊಳ್ಳೋರು ಎಚ್ಚರ ಇದ್ದು, ತಿಳದು, ತಾವಾಗೇ ಕೇಳಿ ತಗೋಬೇಕು. ಅತ್ಯಾರು ಏನ ಬಿಟ್ಟಾರ ಅಂತ ಅತ್ಯಾರಿಗೇ ಗೊತ್ತಿಲ್ಲ. ವಾರ ಬ್ಯಾಡ, ನಿಮ್ಮ ಹೆಸರ ಕೇಳ್ರಿ.”

ಧನಪಾಲ ಕೇಳಲಿಲ್ಲ. ಕೇಳುವ ಪ್ರಸಂಗವೇ ಬರಲಿಲ್ಲ. ಚಂದ್ರಮತಿ ತಾವೇ ಅವನ ಮುಖವನ್ನು ದಿಟ್ಟಿಸಿ, ಬಹಳ ಮರ್ಯಾದೆಯಿಂದ, “ಯಾರ ಪೈಕಿ ನೀವು? ನೀರ ಕುಡದ್ರ್ಯಾ?” ಅಂದರು. ಐವತ್ತಾರು ವರ್ಷದ ಗಂಡಸು ಎದ್ದು ಹೊರಗೆ ಹೋಗಿ ಕಾರಿನ ಹತ್ತಿರ ನಿಂತುಕೊಂಡ. ಹಾಗಂತ ಫ್ಲೆಕ್ಸು ಬೇಡ ಅನ್ನಲಿಲ್ಲ.

ಜನ ಅತ್ತ ಸರಿದ ಮೇಲೆ ಮೇಘಾ ಅಡಿಗೆಮನೆಯ ಬಾಗಿಲು ಹಾಕಿ, ಅತ್ತೆಯ ಗಲ್ಲ ಹಿಡಿದು ಚಮಚೆಯಿಂದ ಗಂಜಿ ಬಾಯಿಗಿಟ್ಟಳು. ಚಂದ್ರಮತಿ ಉಗುಳಿದರು. ಮತ್ತೆ ಇಟ್ಟಳು. ಅತ್ತೆ ಎರಡೂ ಕೈ ಜೋಡಿಸಿ, ಹಣೆ ನೆಲಕ್ಕೆ ಬಾಗಿಸಿ, “ನಿಮ್ಮ ಕಾಲ ಬೀಳತೇನಿ, ನನ್ನ ಉಪವಾಸ ಕೆಡಸಬ್ಯಾಡ್ರಿ” ಎಂದು ಅತ್ತರು. ಚೂರು ಬೆಲ್ಲಕ್ಕೆ ಮೂರು ದಿನ ಮಾತು ಬಿಟ್ಟಿದ್ದ ಅತ್ತೆ! ಮೇಘಾ ಚಮಚೆ ಬಿಸಾಕಿ ಬಚ್ಚಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೊರಗಿನವರು ಕೊಲ್ಲಲಿಕ್ಕೆ ಬಂದರೆ ತಾನು ಹಿಂಸೆ ಮಾಡಲಿಕ್ಕೆ ಹೊರಟೆನಲ್ಲ ಎಂದು ನಾಚಿಕೆಯಾಯಿತು. ಹಾಗೆ ಅತ್ತು ಮುಖ ತೊಳೆಯುವಾಗ ಡಾಕ್ಟರಬಾಯಿಯ ಮಾತು ತಲೆಗೆ ಬಂತು. ಅವರ ದಿನಕ್ಕೆ ನೀವು ಹೋಗಿ. ಸರಿ, ಅತ್ತೆ ಇರುವುದು ಉಪವಾಸದ ದಿನದಲ್ಲಿ. ಹಾಗಾದರೆ ಉಪವಾಸದ ಮರುದಿನ ಏನಿರುತ್ತದೆ?

ಮರುದಿನ ಬೆಳಿಗ್ಗೆ ಬಂದವರಿಗೆ ಅಂಗಳದಲ್ಲಿ ದೊಡ್ಡ ರಂಗೋಲಿ ಕಂಡಿತು. ಮೇಘಾ ಮಿಂದು, ಮಡಿಕೆ ಬಿಚ್ಚಿದ ರೇಷ್ಮೆ ಸೀರೆ ಉಟ್ಟಿದ್ದಳು. ಅತ್ತೆಗೂ ಬಿಳಿ ಸೀರೆ ಉಡಿಸಿ, ಬಿಸಿಲು ಬೀಳುವ ಕಡೆ ಮಣೆ ಹಾಕಿ ಕೂರಿಸಿದ್ದಳು. ಧನಪಾಲ ಆಳುಗಳಿಂದ ಗೇಟಿಗೆ ಫ್ಲೆಕ್ಸು ಕಟ್ಟಿಸುತ್ತಿದ್ದವನು ತಿರುಗಿ ನೋಡಿದ. ಮೇಘಾ ಅದೇ ಹಳೆಯ ಹಿತ್ತಾಳೆ ಬಟ್ಟಲು ಹಿಡಿದು ಎಲ್ಲರ ನಡುವೆಯೇ ನಡೆದು ಬಂದು, ಅತ್ತೆಯ ಮುಂದೆ ಮೊಣಕಾಲೂರಿದಳು.

“ಅತ್ಯಾರ, ನಿನ್ನಿ ಉಪವಾಸ ಛಲೋ ಆತ್ರಿ. ಬಿಸಲ ಬಿದ್ದೈತಿ ನೋಡ್ರಿ. ಇವತ್ತ ಪಾರಣಿ.”

ಚಂದ್ರಮತಿ ಅಂಗಳದ ಬಿಸಿಲು ನೋಡಿದರು, ಬಟ್ಟಲು ನೋಡಿದರು. ತುಟಿ ಅಲುಗಿತು. ಣಮೋಕಾರ ಒಂದಕ್ಷರ ತಪ್ಪದೆ ಬಂತು. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಇನ್ನೊಂದು. ಮೂರನೆಯ ಗುಟುಕಿಗೆ ಅವರು ಹುಬ್ಬು ಗಂಟಿಕ್ಕಿದರು.

“ತುಪ್ಪ ಏನ ಬೇ ಇದು, ಕಣ್ಣಿಗೆ ಹಾಕೋ ಔಷಧದಂಗ ಹನಿಸೀದಿ? ಹಾಕು.”

ಮೇಘಾ ನಕ್ಕಳು, ಅತ್ತಳು, ತುಪ್ಪ ಹಾಕಿದಳು.

ಧನಪಾಲ ಮುಂದೆ ಬಂದ. ಮುಖ ಕೆಂಪಾಗಿತ್ತು. “ಇಷ್ಟ ಮಂದ್ಯಾಗ ಅವ್ವಗ ಸುಳ್ಳ ಹೇಳಿದೆಲ್ಲ ಮೇಘಾ. ನಾಳಿಗಿ ಏನ ಹೇಳಾಕಿ? ನಾಡದ?”

“ಇದನ್ನ ಹೇಳತೇನ್ರಿ. ದಿನಾ ಹೇಳತೇನಿ.” ಅವಳು ಎದ್ದು ನಿಂತಳು. “ಎಲ್ಲಿ ಸುಳ್ಳ ಐತಿ, ತೋರಸ್ರಿ. ಹೊತ್ತ ಮುಣಗಿದ ಮ್ಯಾಲಿಂದ ಬಿಸಲ ಬೀಳೂ ತನಕ ಅತ್ಯಾರ ಬಾಯಾಗ ಹನಿ ನೀರ ಹೋಗಿಲ್ಲ. ಅರವತ್ತ ವರ್ಷದಿಂದ ಹೋಗಿಲ್ಲ. ಅದು ಉಪವಾಸ ಅಲ್ಲೇನ್ರಿ? ದಿನಾ ಮುಂಜಾನಿ ಅವರು ಉಣ್ಣೋದು ಪಾರಣಿನ. ನಾ ಇರೋ ತನಕ ನನ್ನ ಅತ್ತಿ ಹಸದ ಸಾಯಾಂಗಿಲ್ಲ. ಯಾರ ಪುಣ್ಯಕ್ಕೂ ಸಾಯಾಂಗಿಲ್ಲ.”

ಒಬ್ಬಿಬ್ಬರು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ಅಷ್ಟು ಸುಲಭವಾಗಿ ಬಿಟ್ಟಾಳೆಯೇ? “ನಿಂದರ್ರಿ” ಅಂದಳು. “ಪುಣ್ಯ ಬೇಕಂತ ಬಂದೀರಿ, ಬರಿಗೈಲೆ ಹೋಗಬ್ಯಾಡ್ರಿ. ಪಾರಣಿ ಮಾಡಿಸಿದೋರಿಗೆ ಉಪವಾಸ ಮಾಡಿದೋರ ಪುಣ್ಯದಾಗ ಪಾಲೈತಿ ಅಂತೀರಿಲ್ಲೋ? ಬರ್ರಿ, ಮಾಡಸ್ರಿ. ಗಂಜಿ ನೀವ ತರ್ರಿ. ತಂದು, ಅತ್ಯಾರ ಹಂತ್ಯಾಕ ಎರಡ ತಾಸ ಕುಂಡ್ರಿ. ಅವರು ಯಾವ ಊರಿನ ಮಾತ ಆಡತಾರ, ಮಾತಿನ್ಯಾಗ ನೀವೂ ಆ ಊರಿಗೆ ಹೋಗ್ರಿ. ಆ ಎರಡ ತಾಸ ನಾ ನಿದ್ದಿ ಮಾಡತೇನಿ. ಮೂರ ವರ್ಷದ ನಿದ್ದಿ ಬಾಕಿ ಐತಿ ನಂದು.”

ಆಗ ಸಮ್ಮೇದ, ಅಣ್ಣನ ಮುಂದೆ ಒಂದು ದಿನವೂ ದನಿ ಎತ್ತದ ಸಮ್ಮೇದ, ಗೇಟಿನ ಹತ್ತಿರ ಹೋಗಿ ಫ್ಲೆಕ್ಸಿನ ಹಗ್ಗ ಬಿಚ್ಚಿದ. ಅದನ್ನು ತಂದು ಪಡಸಾಲೆಯ ಗೋಡೆಗೆ ಬೆನ್ನು ಮುಂದೆ ಮಾಡಿ ಮೊಳೆ ಬಡಿದ. ಹಾಲಿನಂಥ ಬಿಳಿ ಬೆನ್ನು. ಹೆಂಡತಿಯ ಕೈಗೆ ಪೆನ್ನು ಕೊಟ್ಟು, “ಬರಿ” ಅಂದ.

ಮೇಘಾ ಏಳು ವಾರ ಬರೆದಳು. ಸೋಮವಾರಕ್ಕೆ ಎದುರುಮನೆಯವರು, ಮಂಗಳವಾರಕ್ಕೆ ಬಸದಿ ಓಣಿಯ ಹೆಣ್ಣುಮಕ್ಕಳು. ಹೆಸರು ಕೊಡಲಿಕ್ಕೆ ಹಿಂದೆ ಮುಂದೆ ನೋಡಿದವರನ್ನು ಅವಳು ಸುಮ್ಮನೆ ನೋಡಿದಳು, ಅಷ್ಟೇ. ಕೊಟ್ಟರು. ರವಿವಾರದ ಮುಂದೆ ಯಾರನ್ನೂ ಕೇಳದೆ ಧನಪಾಲ ಎಂದು ಬರೆದು, ಕೆಳಗೆ ಗೆರೆ ಎಳೆದಳು.

ಎರಡನೆಯ ರವಿವಾರ ಮೇಘಾ ಬೇಡಕಿಹಾಳದ ತವರಿನಲ್ಲಿ ಅವ್ವನ ಅಡಿಗೆಮನೆಯಲ್ಲಿ ಕೂತಿದ್ದಳು. ತಾಟಿನಲ್ಲಿ ಬಿಸಿ ಭಕ್ರಿ, ಮುದ್ದಿಪಲ್ಯ. ಮೊದಲ ತುತ್ತು ಮುರಿಯುವಾಗಲೇ ಫೋನು ಬಡಕೊಂಡಿತು. ಧನಪಾಲ.

“ಮೇಘಾ, ಅವ್ವ ಉಣವಲ್ಲಳು. ಯಾರ ಪೈಕಿ ನೀವು ಅಂತ ಕೇಳಾಕತ್ತಾಳ. ಮಗಾ ಅದೇನಿ ಅಂದ್ರ ನಂಬವಲ್ಲಳು. ನನ್ನ ಮಗಾ ಸಣ್ಣಾವ ಅದಾನ, ಸಾಲಿಗೆ ಹೋಗ್ಯಾನ ಅಂತಾಳ. ನಾ ಏನ ಹೇಳಲಿ?”

ಮೇಘಾಳಿಗೆ ಅವನ ಮೇಲೆ ಮೊದಲ ಸಲ ಕನಿಕರವಾಯಿತು. ಆದರೆ ತಾಟು ಬಿಟ್ಟು ಏಳಲಿಲ್ಲ.

“ಮಗಾ ಅಂತ ಹೇಳಬ್ಯಾಡ್ರಿ ಭಾವಾರ. ಸಾಲಿ ಬಿಡೂ ತನಕ ನಾ ಕುಂತಿರತೇನಿ ಅನ್ರಿ. ಪಾರಣಿ ತಂದೇನಿ ಅನ್ರಿ.”

ಆ ಕಡೆ ಗುಸುಗುಸು ಕೇಳಿಸಿತು. ಬಟ್ಟಲಿನ ಸಪ್ಪಳವಾಯಿತು. ಆಮೇಲೆ ದೂರದಿಂದ ಚಂದ್ರಮತಿಯ ಗದರುವ ದನಿ ಸ್ಪಷ್ಟವಾಗಿ ಬಂತು: “ತುಪ್ಪ ಹಾಕ್ರಿ. ಇನ್ನಷ್ಟ ಹಾಕ್ರಿ. ನನ್ನ ಸೊಸಿ ಇದ್ರ ಹಿಂಗ ಹನಿಸತಿರಲಿಲ್ಲ ನೋಡ್ರಿ.”

ಮೂರು ವರ್ಷದಲ್ಲಿ ಅತ್ತೆ ಅವಳನ್ನು ಸೊಸೆ ಅಂದದ್ದು ಅದೇ ಮೊದಲು. ಮೇಘಾ ಫೋನು ಬಂದ್ ಮಾಡಿ ಬೋರಲು ಹಾಕಿದಳು, ಕಣ್ಣೊರೆಸಿಕೊಂಡಳು. “ಅವ್ವಾ, ಇನ್ನೊಂದ ಭಕ್ರಿ ಹಾಕು” ಅಂದಳು.