ಡ್ರೈವರ್ ಇವತ್ತೂ ಬಂದಿಲ್ಲ

ಕಾರಿನ ಶೋರೂಮಿನ ಗಾಜಿನ ಬಾಗಿಲೊಳಗೆ ಜೋಳದ ಚೀಲ ಹೊತ್ತುಕೊಂಡು ಹೋದವರು ಮುಂಬೈ ಪಕ್ಕದ ಈ ಇಡೀ ಕಲ್ಯಾಣದಲ್ಲಿ ನಾವೇ ಇರಬೇಕು. ಚೀಲದ ಒಂದು ತುದಿಯನ್ನು ನಮ್ಮವರು, ಅಂದರೆ ನನ್ನ ಗಂಡ, ಹಿಡಿದಿದ್ದರು. ಇನ್ನೊಂದು ತುದಿಯನ್ನು ಅವರ ಅಣ್ಣ, ನಮ್ಮ ಭಾವನವರು, ಹಿಡಿದಿದ್ದರು. ಚೀಲದ ಬಾಯಿಯ ಹೊಲಿಗೆ ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂದು ಹೆದರುತ್ತ ನಾನು ಹಿಂದೆ ಹೋಗುತ್ತಿದ್ದೆ. ಟೈ ಕಟ್ಟಿಕೊಂಡು ತಂಪಿನಲ್ಲಿ ನಿಂತಿದ್ದ ಸೇಲ್ಸ್‌ಮನ್ ಮೊದಲು ನಮ್ಮನ್ನು ನೋಡಿದ, ಆಮೇಲೆ ಚೀಲವನ್ನು ನೋಡಿದ, ಕೊನೆಗೆ ಆಗಷ್ಟೇ ಒರೆಸಿದ್ದ ನೆಲವನ್ನು ನೋಡಿದ.

"ಹೇ ಕಾಯ್ ಆಹೇ, ಸರ್?" ಇದೇನು ಎಂದು ಮರಾಠಿಯಲ್ಲಿ ಕೇಳಿದ.

"ಜ್ವಾರಿ," ಎಂದರು ನಮ್ಮವರು, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಡಿಕ್ಕಿ ತೆಗೀರಿ."

ಈ ಚೀಲದ ಕಥೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮವರು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ನೋಡಿಕೊಂಡವರು. ಸ್ಟೋರಿಗೆ ಒಂದು ಕಿಟಕಿ ಇತ್ತು. ಮಾಲು ತಂದ ಲಾರಿ ಡ್ರೈವರುಗಳು ಆ ಕಿಟಕಿಯ ಹೊರಗೆ ಚಲನ್ ಹಿಡಿದು ನಿಲ್ಲಬೇಕು, "ಸಾಹೇಬ್, ಜರಾ ಸಹಿ" ಎನ್ನಬೇಕು. ಇವರು ಒಳಗೆ ಕುರ್ಚಿಯಲ್ಲಿ ಕುಳಿತು ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಆಮೇಲೆ ಸಹಿ ಹಾಕಬೇಕು. ಹಾಗೆ ಕಾಯಿಸುವುದರಲ್ಲಿ ಇವರಿಗೆ ಏನು ಸುಖವಿತ್ತೋ ದೇವರಿಗೇ ಗೊತ್ತು. ಒಂದು ದಿನ ಕಾರ್ಖಾನೆಯೇ ಬಾಗಿಲು ಹಾಕಿತು. ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿತು. ಕಿಟಕಿ ಹೋಯಿತು, ಕುರ್ಚಿ ಮಾತ್ರ ಉಳಿಯಿತು, ನಮ್ಮ ಹಾಲ್‌ನಲ್ಲಿ, ಟಿವಿಯ ಎದುರಿಗೆ.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಮೊದಲಿನಿಂದಲೂ ಆರ್ಡರ್ ಮೇಲೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದೆ. ನಮ್ಮ ಕಡೆಯವರು ರೊಟ್ಟಿ ಅನ್ನುತ್ತಾರೆ, ಮರಾಠಿಯವರು ಭಾಕರಿ ಅನ್ನುತ್ತಾರೆ, ಬಡಿಯುವ ಕೈ ಮಾತ್ರ ನನ್ನದೇ. ಇವರು ಮನೆಯಲ್ಲಿ ಕುಳಿತ ಮೇಲೆ ಬಡಿಯುವುದು ಇಮ್ಮಡಿಯಾಯಿತು. ನನಗೆ ಕೈನೋವಿನ ಚಿಂತೆ ಇರಲಿಲ್ಲ. ಬೆಳಿಗ್ಗೆ ಏಳೂವರೆಗೆ ಡಬ್ಬಿ ಹಿಡಿದು ಹೊರಡುತ್ತಿದ್ದ ಮನುಷ್ಯ ಹತ್ತು ಗಂಟೆಯವರೆಗೆ ಗಡ್ಡ ಮಾಡಿಕೊಳ್ಳದೆ ಕೂರುವುದನ್ನು ನೋಡಲು ಆಗುತ್ತಿರಲಿಲ್ಲ. ಆ ಕುರ್ಚಿಯಿಂದ ಇವರು ಏಳಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಹಾಗಾಗಿ, "ಒಂದು ಕಾರ್ ತಗೊಂಡು ಟ್ಯಾಕ್ಸಿ ಬಿಡೋಣೇನ?" ಎಂದು ಒಂದು ದಿನ ಇವರೇ ಅಂದಾಗ ನಾನು ಬಡಿಯುತ್ತಿದ್ದ ರೊಟ್ಟಿ ಬಿಟ್ಟು ದೇವರಿಗೆ ಕೈಮುಗಿದೆ. ಕೈಮುಗಿಯಲು ಅವಸರ ಮಾಡಿದೆ. ಯಾಕೆಂದರೆ ಆಮೇಲೆ ಎಂಟು ತಿಂಗಳು ಕಾರು ಆರಿಸುವುದೇ ಆಯಿತು.

ಪ್ರತಿ ಭಾನುವಾರ ಒಂದು ಶೋರೂಮ್. ಠಾಣೆಯದು ಮುಗಿದರೆ ಕಲ್ಯಾಣದ್ದು, ಕಲ್ಯಾಣದ್ದು ಮುಗಿದರೆ ನವಿ ಮುಂಬೈಯದು. ಹೋದಲ್ಲೆಲ್ಲ ಪುಕ್ಕಟೆ ಕಾಫಿ, ಪುಕ್ಕಟೆ ಬಿಸ್ಕೀಟು, ಬಣ್ಣಬಣ್ಣದ ಕಾಗದ. ಆ ಕಾಗದಗಳನ್ನು ಅಡುಗೆಮನೆಯ ಎಲ್ಲ ಹಲಗೆಗಳಿಗೂ ಹಾಸಿದೆ. ಬೇಳೆಯ ಡಬ್ಬಿ ಎತ್ತಿದರೆ ಕೆಳಗೆ ಕೆಂಪು ಕಾರು, ಸಕ್ಕರೆಯ ಡಬ್ಬಿ ಎತ್ತಿದರೆ ನೀಲಿ ಕಾರು. ಹೆಣ್ಣು ನೋಡಲು ಹೋದವರಾದರೂ ನಾಲ್ಕು ಮನೆಯ ಉಪ್ಪಿಟ್ಟು ತಿಂದ ಮೇಲೆ ನಾಚಿಕೊಂಡು ಒಂದನ್ನು ಒಪ್ಪುತ್ತಾರೆ. ಇವರು ಒಪ್ಪಲಿಲ್ಲ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಭಾವನವರಿಗೆ ಉಲ್ಹಾಸನಗರದಲ್ಲಿ ಬಟ್ಟೆ ವ್ಯಾಪಾರ, ಜೊತೆಗೆ ಒಂದು ಸ್ವಂತ ಕಾರು. ಅದು ವರ್ಷವಿಡೀ ಹೊದಿಕೆ ಹೊದ್ದು ಮಲಗಿರುತ್ತದೆ. ದಸರೆಗೆ ಎಬ್ಬಿಸಿ, ಪೂಜೆ ಮಾಡಿ, ಒಂದು ಸುತ್ತು ಹೊಡೆಸಿ ಮತ್ತೆ ಹೊದಿಸುತ್ತಾರೆ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಈ ಅನುಭವದ ಬಲದ ಮೇಲೆ ಅವರು ನಮ್ಮವರಿಗೆ ಎಂಜಿನ್ನಿನ ವಿಷಯ ಹೇಳಿಕೊಡುತ್ತಿದ್ದರು. ಕರೆಂಟಿನ ಕಾರು ತೆಗೆದುಕೊಳ್ಳಿ ಎಂದವರೂ ಇದ್ದರು. ನಾಲ್ಕನೇ ಮಹಡಿಯ ನಮ್ಮ ಕಿಟಕಿಯಿಂದ ಕೆಳಗೆ ವೈರ್ ಇಳಿಬಿಡಲು ಸೊಸೈಟಿಯವರು ಬಿಡುತ್ತಾರೆಯೇ ಎಂದು ಇವರು ಒಂದು ವಾರ ಗಂಭೀರವಾಗಿ ವಿಚಾರಿಸಿದರು. ನೆರೂಳದ ಕಾಲೇಜಿಗೆ ಹೋಗುವ ನಮ್ಮ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಪಪ್ಪಾ, ಕೋಣ್ತೀಪಣ್ ಘ್ಯಾ, ಪಣ್ ಘ್ಯಾ," ಎಂದಳು. ಯಾವುದಾದರೂ ತಗೊಳ್ಳಿ, ಆದರೆ ತಗೊಳ್ಳಿ. ಮನೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ.

ಕೊನೆಗೆ ಇವರು ಒಂದು ಕಟ್ಟಳೆ ಮಾಡಿದರು. ಕಾರು ಊರಿಗೆ ಹೋಗಿಬರುವಂಥದ್ದಾಗಿರಬೇಕು. ವಿಜಯಪುರದಿಂದ ಬರುವಾಗ ಜೋಳ ತರಬೇಕು. ಅಂದಮೇಲೆ ಡಿಕ್ಕಿಯಲ್ಲಿ ಐವತ್ತು ಕಿಲೋದ ಚೀಲ ಆರಾಮಾಗಿ ಮಲಗಬೇಕು. ನಮ್ಮ ಕಡೆಯವರು ಮುಂಬೈಗೆ ಬಂದು ಮೂವತ್ತು ವರ್ಷವಾದರೂ ಯಾವ ವಸ್ತುವನ್ನೂ ಇಲ್ಲಿನ ಮುನ್ನೂರ ಅರವತ್ತು ದಿನಕ್ಕಾಗಿ ಕೊಳ್ಳುವುದಿಲ್ಲ, ಊರಿಗೆ ಹೋಗುವ ಐದು ದಿನಕ್ಕಾಗಿ ಕೊಳ್ಳುತ್ತಾರೆ. ಹಾಗಾಗಿ ಅಳತೆಗೆಂದು ನನ್ನ ರೊಟ್ಟಿಯ ಜೋಳದ ಚೀಲವೇ ಆ ಭಾನುವಾರ ಶೋರೂಮಿಗೆ ಬಂತು.

ಚೀಲ ಡಿಕ್ಕಿಯೊಳಗೆ ಮಲಗಿತು. ಪಕ್ಕದಲ್ಲಿ ಮೆಣಸಿನಕಾಯಿಗೂ ಜಾಗ ಉಳಿಯಿತು. ಭಾವನವರು ಕಾರಿನ ಬೆನ್ನು ತಟ್ಟಿ, "ಗಾಡಿ ಅಂದ್ರ ಇದಪಾ!" ಎಂದರು. ಆಗ ಆ ಸೇಲ್ಸ್‌ಮನ್ ಒಂದು ಸಾದಾ ಪ್ರಶ್ನೆ ಕೇಳಿದ. ಗಾಡಿ ಮನೆಬಳಕೆಗೋ, ಟ್ಯಾಕ್ಸಿಗೋ?

ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದರು. ಇಬ್ಬರ ಬಾಯಿಂದಲೂ ಆ ಶಬ್ದ ಬರಲಿಲ್ಲ. "ಟ್ಯಾಕ್ಸಿ," ಎಂದೆ ನಾನು.

"ಹಾಗಾದರೆ ಪೆಟ್ರೋಲ್ ಗಿಟ್ಟುವುದಿಲ್ಲ, ಸಿಎನ್‌ಜಿ ಬೇಕು," ಎಂದು ಅವನು ಮರಾಠಿಯಲ್ಲೇ ಹೇಳಿ ಇನ್ನೊಂದು ಕಾರಿನ ಡಿಕ್ಕಿ ತೆಗೆದ. ಅಲ್ಲಿ ಗ್ಯಾಸಿನ ಸಿಲಿಂಡರು ಹಬ್ಬಕ್ಕೆ ಬಂದ ಅಳಿಯನ ಹಾಗೆ ಇದ್ದಬದ್ದ ಜಾಗವನ್ನೆಲ್ಲ ಹಿಡಿದು ಮಲಗಿತ್ತು. ಚೀಲವನ್ನು ಅಡ್ಡ ಇಟ್ಟರು, ಉದ್ದ ಇಟ್ಟರು, ನಿಲ್ಲಿಸಿ ನೋಡಿದರು. ಬಾಗಿಲು ಮುಚ್ಚಲಿಲ್ಲ.

"ಬ್ಯಾಡ, ಇದು ನಡಿಯಂಗಿಲ್ಲ," ಎಂದರು ನಮ್ಮವರು. ನನಗೆ ಕಂಡದ್ದು ಇದು: ಅವರ ಮುಖದಲ್ಲಿ ಬೇಸರವಿರಲಿಲ್ಲ, ಒಂದು ನೆಮ್ಮದಿ ಇತ್ತು. ಮರಳಿ ಬರುವಾಗ ರಿಕ್ಷಾದಲ್ಲಿ ಚೀಲಕ್ಕೆ ಜಾಗ ಸಿಕ್ಕಿತು. ನಾನು ಬಸ್ಸಿನಲ್ಲಿ ಬಂದೆ.

ಮನೆಗೆ ಬಂದವಳೇ ತಡೆಯಲಿಲ್ಲ. "ಜೋಳಾ ಇಪ್ಪತ್ತು ವರ್ಷದಿಂದ ಟ್ರಾವೆಲ್ಸ್ ಬಸ್ಸಿನ ಮ್ಯಾಲ ಬರಾಕತ್ತೈತಿ. ನನಗ ಹೊಸಾ ಕಾರ್ ಬೇಕಂತ ಅದೇನ್ ಬಂದು ಕೇಳೈತೇನ್ರಿ?" ಎಂದೆ.

"ನಿನ್ನ ಸಲುವಾಗೇ ಮಾಡಾಕತ್ತೀನಿ, ನನಗ ಬೈತಿ!"

"ನನ್ನ ಹೆಸರ್ ತಗೀಬ್ಯಾಡ್ರಿ. ಖರೇ ಹೇಳ್ರಿ, ನಿಮಗ ಗಾಡಿ ತಗೊಳ್ಳೂದೈತೋ ಇಲ್ಲೋ?"

ಅವರು ಕುರ್ಚಿಯಲ್ಲಿ ಕುಳಿತರು. ಟಿವಿ ಹಾಕಲಿಲ್ಲ. "ಟ್ಯಾಕ್ಸಿ ಅಂದ್ರ ಹಳದಿ ನಂಬರ್ ಪ್ಲೇಟ್ ಹಾಕ್ಬೇಕಾಗ್ತೈತಿ," ಎಂದರು. "ಅದನ್ನ ಹಾಕ್ಕೊಂಡು ಬಿಲ್ಡಿಂಗ್ ಮುಂದ ನಿಂತ್ರ ಮಂದಿ ನನಗ ಏನಂತ ಕರೀತಾರ? ಇಪ್ಪತ್ತೆರಡು ವರ್ಷ ಡ್ರೈವರ್‌ಗೋಳು ನನಗ ಸಾಹೇಬ್ ಅಂದಾರ."

ಎಂಟು ತಿಂಗಳ ಕಾಫಿ, ಕಾಗದ, ಚೀಲ ಎಲ್ಲದರ ಅರ್ಥ ಆಗ ನನಗಾಯಿತು. ಕಾರು ಸಿಗದಿರಲಿ ಎಂದೇ ಈ ಮನುಷ್ಯ ಕಾರು ಹುಡುಕುತ್ತಿದ್ದರು. ಸಿಟ್ಟು ಇಳಿದು ಹೋಯಿತು, ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು. ಏನಾದರೂ ಹೇಳಿ ಎಬ್ಬಿಸಬೇಕು ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಹಂಗಾದ್ರ ಡ್ರೈವರ್ ಇಡೋಣು. ನೀವು ಮಾಲಕರು."

ಡ್ರೈವರಿಗೆ ಸಂಬಳ ಕೊಟ್ಟರೆ ನಮಗೆ ಉಳಿಯುವುದು ಗಾಡಿ ತೊಳೆದ ನೀರಷ್ಟೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವರ ಮುಖಕ್ಕೆ ಕಳೆ ಬಂತು. ಮರುದಿನವೇ ಗಡ್ಡ ಮಾಡಿಕೊಂಡು ಹೋಗಿ ಆ ಸಿಲಿಂಡರಿನ ಕಾರಿಗೇ ಮುಂಗಡ ಕೊಟ್ಟು ಬಂದರು.

ಕಾರು ಬಂತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು, ಮುಂದೆ ಮೂರು ಬೆರಳಿನ ವಿಭೂತಿ ಎಳೆದೆವು. ಹಳದಿ ಪ್ಲೇಟಿನ ಮೇಲೆ ನಾನು ಇನ್ನೊಂದಿಷ್ಟು ಅರಿಶಿನ ಹಚ್ಚಿದೆ. ಊರಿಗೆ ಫೋನು ಮಾಡಿ ಇವರು, "ಒಂದು ಗಾಡಿ ಬಿಟ್ಟೀನಿ, ಡ್ರೈವರ್ ನಡಸ್ತಾನ," ಎಂದು ನಾಲ್ಕು ಮನೆಗೆ ಹೇಳಿದರು.

ಮೊದಲ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಮೇಲಿನ ಮನೆಯ ಮರಾಠಿ ಆಂಟಿ, ನಾವೆಲ್ಲ ಕಾಕೂ ಅನ್ನುವವರು, ಸಿಕ್ಕರು. ನಿವೃತ್ತ ಶಿಕ್ಷಕಿ. ಎಲ್ಲರ ಹಾಜರಿ ತೆಗೆದುಕೊಳ್ಳುವ ಚಟ ಇನ್ನೂ ಹೋಗಿಲ್ಲ. ಎಲ್ಲಿಗೆ ಹೊರಟಿರಿ ಎಂದರು. ನಮ್ಮವರು ಕೈಯಲ್ಲಿದ್ದ ಕಾರಿನ ಕೀಲಿ ನೋಡಿಕೊಂಡು, "ಡ್ರೈವರ್ ಇವತ್ತು ಬಂದಿಲ್ಲ. ಅದಕ್ಕೇ ನಾನೇ ಒಯ್ಯುತ್ತಿದ್ದೇನೆ," ಎಂದು ಮರಾಠಿಯಲ್ಲಿ ಹೇಳಿದರು.

ಎರಡನೆಯ ದಿನವೂ ಡ್ರೈವರ್ ಬರಲಿಲ್ಲ. ಮೂರನೆಯ ದಿನ ಅವನಿಗೆ ಜ್ವರ. ಮುಂದಿನ ವಾರ ಅವನ ಅಜ್ಜಿ ತೀರಿಕೊಂಡಳು. ತಿಂಗಳು ಮುಗಿಯುವಷ್ಟರಲ್ಲಿ ಇಲ್ಲದ ಆ ಡ್ರೈವರಿಗೆ ಮನೆ, ಸಂಸಾರ, ಹೊಟ್ಟೆನೋವು ಎಲ್ಲ ಹುಟ್ಟಿಕೊಂಡವು. ಬಿಲ್ಡಿಂಗಿನವರಿಗೆಲ್ಲ ಅವನ ಮೇಲೆ ಕೋಪ. ಕಾಕೂ ನನ್ನನ್ನು ತಡೆದು ನಿಲ್ಲಿಸಿ, ಇಂಥ ಮೈಗಳ್ಳನನ್ನು ಯಾಕೆ ಇಟ್ಟುಕೊಂಡಿದ್ದೀರಿ, ಪಾಪ ನಿಮ್ಮ ಯಜಮಾನರೇ ದಿನಾ ದುಡಿಯಬೇಕಲ್ಲ ಎಂದು ಬೈದರು. ನಾನು ತಲೆ ತಗ್ಗಿಸಿಕೊಂಡು ಬೈಸಿಕೊಂಡೆ. ಸುಳ್ಳಿನ ಬೀಜ ಹಾಕಿದವಳು ನಾನೇ ತಾನೆ.

ಒಂದು ದಿನ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಟ್ಯಾಕ್ಸಿ ಓಡಿಸುವವರ ಬ್ಯಾಡ್ಜ್ ಸಿಕ್ಕಿತು. ಫೋಟೋದಲ್ಲಿ ಇವರೇ. "ಡ್ರೈವರ್ ಬರದ ದಿನಕ್ಕ ಇರಲಿ ಅಂತ ಮಾಡಿಸೀನಿ," ಎಂದರು. ಸಂಜೆ ಬಂದು, "ಇವತ್ತ ಒಬ್ಬರನ್ನ ನೆರೂಳತನಕಾ ಬಿಟ್ಟು ಬಂದೆ," ಎನ್ನುತ್ತಿದ್ದರು, ನೆಂಟರನ್ನು ಬೀಳ್ಕೊಟ್ಟು ಬಂದವರ ಹಾಗೆ. ಏರ್‌ಪೋರ್ಟಿನ ಗಿರಾಕಿಯ ಪೆಟ್ಟಿಗೆ ಡಿಕ್ಕಿಯಲ್ಲಿ ಹಿಡಿಸದಿದ್ದ ದಿನ, "ನಾ ಅವತ್ತ ಹೇಳಿರಲಿಲ್ಲಾ?" ಎಂದು ಗೆದ್ದವರಂತೆ ಬಂದರು. ಆದರೆ ಹಾಲ್‌ನ ಕುರ್ಚಿಯ ಮೇಲೆ ಈಗ ಮಗಳ ಚೀಲ, ನನ್ನ ರೊಟ್ಟಿ ಬುಟ್ಟಿ ಇರುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು. ಅವರಿಗೆ ಸಾಕಾಗಿರಲಿಲ್ಲ. ಊಟ ಮಾಡುವಾಗ ಊರಿನ ಫೋನು ಬಂದರೆ ಎದ್ದು ಬಾಲ್ಕನಿಗೆ ಹೋಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಲೈಸೆನ್ಸು.

"ನಮಸ್ಕಾರ್ರೀ ಅಕ್ಕಾರ. ನಾ ಕಲಬುರಗಿ ಕಡ್ಯಾಂವ, ಎಂಐಡಿಸಿದಾಗ ಲೋಡಿಂಗ್ ಮಾಡ್ತೀನ್ರಿ. ನಿಮ್ಮ ಡ್ರೈವರ್ ಸರಿಯಾಗಿ ಬರಂಗಿಲ್ಲಂತ ನಿಮ್ಮ ವಾಚ್‌ಮನ್ ಹೇಳ್ದ. ನನಗ ಗಾಡಿ ಬರ್ತದ್ರಿ. ಒಂದ್ ದಿನಾನೂ ತಪ್ಪಸಂಗಿಲ್ಲ."

ನಾನು ಒಳಗೆ ತಿರುಗಿ ಇವರನ್ನು ಕರೆದೆ. ನಮ್ಮವರು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು. ಅವರನ್ನು ಕಂಡಕೂಡಲೇ ಆ ಮನುಷ್ಯ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಸಾಹೇಬ್ರ! ನೀವೇನ್ರಿ? ನಿಮ್ಮ ಫ್ಯಾಕ್ಟರಿಗೆ ಲಾರಿ ಸಂಗ್ತಿ ಭಾಳ ಸಲ ಬಂದೀನ್ರಿ. ಕಿಡಕಿ ಮುಂದ ನಿಂತಿರ್ತಿದ್ದೆ."

ಹೊರಗೇ ನಿಂತು ಹೇಳುತ್ತಿದ್ದ, ಕಾಯುವುದು ರೂಢಿಯಾದವನ ಹಾಗೆ. ಇವರು ಏನಾದರೂ ಹೇಳಿ ಕಳಿಸಬಹುದಿತ್ತು. ಡ್ರೈವರ್ ಸುಧಾರಿಸಿದ್ದಾನೆ ಎಂದರೂ ಮುಗಿಯುತ್ತಿತ್ತು. ಇವರು ಅವನ ಕೈಯಲ್ಲಿದ್ದ ಲೈಸೆನ್ಸನ್ನೇ ನೋಡುತ್ತ ನಿಂತರು. ಆಮೇಲೆ ಕುರ್ಚಿಯ ಮೇಲಿನ ರೊಟ್ಟಿ ಬುಟ್ಟಿಯನ್ನು ತೆಗೆದು ಕೆಳಗಿಟ್ಟರು.

"ಒಳಗ ಬಾ. ಕುಂಡ್ರು," ಎಂದರು.

ಅವನು ಆ ಕುರ್ಚಿಯ ತುದಿಯಲ್ಲಿ ಕುಳಿತ. ಇವರು ಎದುರಿಗೆ ನಿಂತೇ ಹೇಳಿದರು: "ಜಾಗಾ ಖಾಲಿ ಇಲ್ಲಪಾ. ಡ್ರೈವರ್ ದಿನಾ ಬರ್ತಾನ. ನಾನ ಅದೀನಿ."

ಅವನು ನಗಲಿಲ್ಲ. "ಹೌದೇನ್ರಿ? ಹಂಗಾರ ಬ್ಯಾಡ್ಜ್ ಹ್ಯಾಂಗ ಮಾಡಸ್ದಿರಿ, ಸಾಹೇಬ್ರ?" ಎಂದ. ಇಬ್ಬರೂ ಎರಡು ಸಲ ಚಹಾ ಕುಡಿಯುವಷ್ಟು ಹೊತ್ತು ಬ್ಯಾಡ್ಜಿನ ಅರ್ಜಿಯ ಬಗ್ಗೆ ಮಾತಾಡಿದರು. ಕೊನೆಗೆ ಇವರೇ ಅವನ ಅರ್ಜಿ ತುಂಬಿಕೊಟ್ಟರು, ಕಾರ್ಖಾನೆಯಲ್ಲಿ ಚಲನ್ ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರದಲ್ಲಿ. ಚಹಾದ ಲೋಟ ಎತ್ತುವ ನೆಪದಲ್ಲಿ ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ.

ಮರುದಿನ ಬೆಳಿಗ್ಗೆ ರೊಟ್ಟಿ ಬುಟ್ಟಿ ಹಿಡಿದು ನಾನೂ ಇವರ ಜೊತೆ ಹೊರಟೆ. ಲಿಫ್ಟಿನಲ್ಲಿ ಕಾಕೂ ಇದ್ದರು. ಕೀಲಿ ನೋಡಿದರು, ಮುಖ ನೋಡಿದರು.

"ಕಾಯ್ ಹೋ, ಆಜ್‌ಪಣ್ ಡ್ರೈವರ್ ಆಲಾ ನಾಹೀ?" ಎಂದರು. ಇವತ್ತೂ ಡ್ರೈವರ್ ಬಂದಿಲ್ಲವೇ?

"ಆಲಾ," ಎಂದರು ನಮ್ಮವರು. ಬಂದಿದ್ದಾನೆ. ಆಮೇಲೆ ಜೇಬಿನಿಂದ ಬ್ಯಾಡ್ಜ್ ತೆಗೆದು, ಲಿಫ್ಟಿನ ಕನ್ನಡಿ ನೋಡಿಕೊಂಡು, ಅಂಗಿಗೆ ಸಿಕ್ಕಿಸಿಕೊಂಡರು.