ದ್ರೌಪದಮ್ಮ ಹೊಲಿದ ದೋಣಿಯ ಚಾವಣಿ

ಯಶವಂತಪುರದ ಲಾರಿಯವರ ನಡುವೆ ದ್ರೌಪದಮ್ಮನ ಹೊಲಿಗೆ ಎಂದರೆ ಹೆಸರುವಾಸಿ. ಗಂಡ ಮುನಿಆಂಜಿನಪ್ಪ ತೀರಿಕೊಂಡಾಗ ಅವನ ಕುಶನ್ ಅಂಗಡಿಯನ್ನು ಮಾರಿಬಿಡು ಎಂದವರೇ ಹೆಚ್ಚು. ಆಕೆ ಯಲಹಂಕದ ಹತ್ತಿರದ ಸಿಂಗಾಪುರ ಬಡಾವಣೆಯ ಮನೆಯಿಂದ ದಿನಾ ಬಸ್ಸು ಹಿಡಿದು ಬಂದು ಅವನ ಮಿಷನ್ನಿನ ಮುಂದೆ ಕೂತಳು. ಮೊದಲು ಆಟೋ ಸೀಟು, ಆಮೇಲೆ ಆಟೋ ಟಾಪು, ಕೊನೆಗೆ ಲಾರಿಯ ಟಾರ್ಪಾಲು. ಹದಿನೆಂಟು ವರ್ಷದಲ್ಲಿ ಹೊಲಿಗೆ ಬಿಚ್ಚಿತೆಂದು ಒಬ್ಬರೂ ವಾಪಸ್ಸು ಬಂದಿರಲಿಲ್ಲ. ಅಂಗಡಿಯಲ್ಲಿ ಅಳತೆ ಹಾಕಿ ಬಟ್ಟೆ ಕತ್ತರಿಸುತ್ತಿದ್ದ ಸೊಸೆ ವನಿತಾಗೆ ಆ ಹೆಸರಿನ ಬಗ್ಗೆ ಅತ್ತೆಗಿಂತ ಹೆಚ್ಚು ಜಂಬ.

ಯಲಹಂಕದ ವಿಜಯ್ ಕುಮಾರ್ ಕಾರವಾರದಲ್ಲಿ ಸ್ವಂತದ್ದೊಂದು ಮೋಟಾರು ದೋಣಿ ಇಟ್ಟಿದ್ದರು. ಬಿಸಿಲಿಗೆ ಅದಕ್ಕೊಂದು ಚಾವಣಿ ಬೇಕೆಂದು ಅಳತೆ ತಂದುಕೊಟ್ಟರು. ದ್ರೌಪದಮ್ಮ ಮೂರು ವಾರ ಕೂತು ಹೊಲಿದಳು.

“ನಾನೇ ಬಂದು ಕಟ್ಟಿಕೊಡ್ತೀನಿ ಸಾರ್. ಬೇರೆಯೋರು ಕಟ್ಟಿದ್ರೆ ಸುಕ್ಕು ಬೀಳ್ತದೆ,” ಎಂದಳು.

ಅತ್ತೆ ಸೊಸೆ ಇಬ್ಬರೂ ರೈಲು ಹತ್ತಿದರು. ಐವತ್ತಾರು ವರ್ಷದ ದ್ರೌಪದಮ್ಮ ಅಲ್ಲಿಯವರೆಗೂ ಸಮುದ್ರ ಕಂಡವಳಲ್ಲ.

ಚಾವಣಿ ಕಟ್ಟಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. “ಒಂದ್ ಸುತ್ತು ಹೋಗಿ ಬರೋಣ ಬನ್ನಿ,” ಎಂದರು ವಿಜಯ್ ಕುಮಾರ್. ದೋಣಿ ನಡೆಸುವ ಹುಜೈಫಾ ಮೋಟಾರು ಶುರುಮಾಡಿದ. ಹಸಿರು ಗುಡ್ಡಗಳು ನೀರಿನವರೆಗೂ ಇಳಿದು ಬಂದಿದ್ದವು. ಅವುಗಳ ಕಾಲಬುಡದಲ್ಲಿ ಬಿಳಿ ಮರಳು, ಗಾಳಿಮರಗಳ ಸಾಲು. ದೂರದಲ್ಲಿ ಎರಡು ಡಾಲ್ಫಿನ್ ಬೆನ್ನು ತೋರಿಸಿ ಮುಳುಗಿದವು. ದ್ರೌಪದಮ್ಮ ಪಶ್ಚಿಮಕ್ಕೆ ನೋಡುತ್ತ ಕೂತುಬಿಟ್ಟಳು.

“ಅಲ್ಲ ಕಣೇ ವನಿತಾ, ಇದುಕ್ಕೆ ಅಂಚೇ ಇಲ್ವಲ್ಲೇ!”

ದ್ವೀಪವೊಂದನ್ನು ಬಳಸಿ ಆಚೆ ಬದಿಗೆ ಹೋದಾಗ ದೋಣಿ ಗಕ್ಕನೆ ನಿಂತಿತು. ತೇಲುತ್ತಿದ್ದ ಹಳೇ ಬಲೆಯೊಂದು ಮೋಟಾರಿನ ರೆಕ್ಕೆಗೆ ಸುತ್ತಿಕೊಂಡಿತ್ತು. ಹುಜೈಫಾ ಲಂಗರು ಇಳಿಸಿದ. ತಳದ ಕಲ್ಲಿನ ಮೇಲೆ ಅದು ಜಾರಿತೇ ಹೊರತು ಕಚ್ಚಲಿಲ್ಲ. ಅವನು ಚಾಕು ಹಿಡಿದು ಹಿಂದೆ ಬಗ್ಗಿ ಬಲೆ ಕೊಯ್ಯತೊಡಗಿದ. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಎದ್ದಿತು. ಚಾವಣಿಯೊಳಗೆ ಗಾಳಿ ತುಂಬಿ, ದೋಣಿ ದ್ವೀಪದ ಬಂಡೆಗಳ ಕಡೆಗೆ ಸರಿಯಿತು.

“ಚಾವಣಿ ಬಿಚ್ಚಿ! ಬೇಗ ಬಿಚ್ಚಿ!” ಎಂದು ಹುಜೈಫಾ ಕೂಗಿದ.

ವನಿತಾ, ವಿಜಯ್ ಕುಮಾರ್ ಇಬ್ಬರೂ ಹಗ್ಗಕ್ಕೆ ಕೈ ಹಾಕಿದರು. ನೀರು ಕುಡಿದ ನೈಲಾನ್ ಗಂಟು ಅಲ್ಲಾಡಲಿಲ್ಲ. ಬಂಡೆಗೆ ಅಲೆ ಬಡಿಯುವ ಸದ್ದು ಹತ್ತಿರವಾಯಿತು. ದ್ರೌಪದಮ್ಮ ತನ್ನ ಚೀಲದಿಂದ ದೊಡ್ಡ ಕತ್ತರಿ ತೆಗೆದು ಸೀಟಿನ ಮೇಲೆ ಹತ್ತಿ ನಿಂತಳು.

“ಅತ್ತೆ, ಬೇಡ! ಮೂರು ವಾರ ಕಷ್ಟಪಟ್ಟಿದ್ದೀರ!”

“ಬಟ್ಟೆ ಇನ್ನೊಂದ್ ಒಲಿಬೋದು. ನನ್ ಸೊಂಟ ಇಡ್ಕಳೇ.”

ವನಿತಾ ಅತ್ತೆಯ ಸೊಂಟ ತಬ್ಬಿ ಹಿಡಿದಳು. ಎಲ್ಲಿ ಕತ್ತರಿಸಿದರೆ ಬಟ್ಟೆ ಗಾಳಿಯನ್ನು ಬಿಟ್ಟುಕೊಡುತ್ತದೆ ಎಂದು ಆ ಹೊಲಿಗೆ ಹಾಕಿದ ಕೈಗೆ ಗೊತ್ತಿತ್ತು. ದ್ರೌಪದಮ್ಮ ನಡುವಿನ ಜೋಡಣೆಗೆ ಕತ್ತರಿ ಇಟ್ಟು ಉದ್ದಕ್ಕೂ ಸೀಳಿದಳು. ಬಟ್ಟೆ ಎರಡಾಗಿ ಪಟಪಟ ಬಡಿಯಿತು, ದೋಣಿಯ ಓಟ ತಗ್ಗಿತು. ಹುಜೈಫಾ ಬಲೆಯ ಕೊನೆಯ ಎಳೆ ಕೊಯ್ದು ಮೋಟಾರು ಎಬ್ಬಿಸಿದಾಗ ಬಂಡೆ ನಾಲ್ಕೇ ಮಾರು ದೂರದಲ್ಲಿತ್ತು.

ದಡ ಮುಟ್ಟಿದ ಮೇಲೆ ವಿಜಯ್ ಕುಮಾರ್ ಕೈಮುಗಿದರು. “ನೀವಿಲ್ದಿದ್ರೆ ಏನಾಗ್ತಿತ್ತೋ ಅಮ್ಮ.”

“ಇಲ್ಲ ಸಾರ್, ನಂದೇ ತಪ್ಪು. ಲಾರಿಗೆ ಕಟ್ಟೋ ಅಂಗೆ ಬಿಗಿದು ಕಟ್ಬುಟ್ಟೆ,” ಎಂದಳು ದ್ರೌಪದಮ್ಮ. ಅಲ್ಲೇ ಮರಳಿನ ಮೇಲೆ ಕೂತು, ಗಾಳಿ ಯಾವ ಹೊತ್ತಿಗೆ, ಯಾವ ಕಡೆಯಿಂದ ಬರುತ್ತದೆಂದು ಹುಜೈಫಾನನ್ನು ವಿಚಾರಿಸಿಕೊಂಡಳು.

ವನಿತಾಳ ಮನಸ್ಸಿನಲ್ಲಿ ಆ ಮಾತು ಬಹಳ ದಿನ ಕೂತಿತು. ಜೀವ ಉಳಿಸಿದವಳು ಹೊಗಳಿಕೆಗೆ ಕಿವಿಗೊಡದೆ ತಪ್ಪು ಹುಡುಕುತ್ತಿದ್ದಳು.

ಮರುವಾರವೇ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಚಾವಣಿಯ ಗೆರೆ ಮೂಡಿತು. ಗಾಳಿ ನುಸುಳಲು ಕಿಂಡಿ, ಹಗ್ಗದ ಬದಲು ಒಂದೇ ಎಳೆತಕ್ಕೆ ಕಳಚುವ ಬಕಲ್. ಎರಡು ತಿಂಗಳ ನಂತರ ಮತ್ತೆ ಕಾರವಾರಕ್ಕೆ ಹೋಗಿ ಕಟ್ಟಿದಳು. ಹುಜೈಫಾನ ಕೈಯಲ್ಲಿ ಹತ್ತು ಸಲ ಬಿಚ್ಚಿಸಿ, ಹತ್ತು ಸಲ ಹಾಕಿಸಿದಳು.

ಆ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ದಡದುದ್ದಕ್ಕೂ ದೋಣಿಯಲ್ಲಿ ಸುತ್ತಿದರು. ವಾಪಸ್ಸು ಹೊರಡಲು ಹುಜೈಫಾ ದೋಣಿ ತಿರುಗಿಸಿದಾಗ ದ್ರೌಪದಮ್ಮ ಅವನ ಭುಜ ತಟ್ಟಿದಳು.

“ಗಾಳಿ ಬರೋಕೆ ಇನ್ನೂ ಒತ್ತೈತೆ. ಆ ಗುಡ್ಡದ್ ತಾವ್ಗಂಟ ಓಗಣ ನಡಿಯಪ್ಪ.”